ರತ್ನಗಂಬಳಿಯ ಗಂಟುಗಳ ಲೆಕ್ಕ

ಅಂಗಡಿಯ ನೆಲದ ಮೇಲೆ ಎರಡು ರತ್ನಗಂಬಳಿಗಳನ್ನು ಬಿಡಿಸಿ ಹಾಸಿದ್ದಾರೆಂದು ಭಾವಿಸೋಣ. ಎರಡರ ಅಳತೆಯೂ 6 ಅಡಿ ಉದ್ದ, 4 ಅಡಿ ಅಗಲ. ಎರಡರಲ್ಲಿಯೂ ಕೆಂಪು ನೆಲ, ನಟ್ಟನಡುವೆ ಒಂದು ಪದಕ, ಸುತ್ತಲೂ ಬಳ್ಳಿ ಹೂಗಳ ಅಂಚು. ಎರಡೂ ಮಿರುಗುತ್ತವೆ, ಎರಡೂ ಅಂಗಾಲಿಗೆ ಮೆತ್ತಗಿವೆ. ಒಂದರ ಬೆಲೆ ಕೆಲವೇ ಸಾವಿರ ರೂಪಾಯಿ. ಇನ್ನೊಂದರದು ಒಂದು ಲಕ್ಷಕ್ಕೂ ಮೇಲೆ. ಕೇಳಿದರೆ, “ಎರಡೂ ಕೈಕೆಲಸವೇ ಸ್ವಾಮಿ” ಎಂಬ ಉತ್ತರ ಬರುತ್ತದೆ. ಈ ಉತ್ತರ ಸುಳ್ಳಾಗಿರಬಹುದು. ಅದಕ್ಕಿಂತ ಹೆಚ್ಚು ಅಪಾಯಕರವಾದ ಅರೆಸತ್ಯವೂ ಆಗಿರಬಹುದು. ಕೊಳ್ಳುವವನು ಮೇಲ್ಮೈಯ ಚಿತ್ತಾರವನ್ನು ನೋಡುತ್ತಾನೆ, ಮಾರುವವನ ಮುಖವನ್ನು ನೋಡುತ್ತಾನೆ, ಕೊನೆಗೆ ತನ್ನ ಜೇಬನ್ನು ನೋಡಿಕೊಳ್ಳುತ್ತಾನೆ. ನೋಡಬೇಕಾದ ಮುಖ್ಯ ಸ್ಥಳವನ್ನು ಮಾತ್ರ ನೋಡುವುದಿಲ್ಲ. ಆ ಸ್ಥಳ ಗಂಬಳಿಯ ಬೆನ್ನು.

ರತ್ನಗಂಬಳಿಯನ್ನು ಪರೀಕ್ಷಿಸಲು ದೊಡ್ಡ ಪ್ರಯೋಗಶಾಲೆಯೇನೂ ಬೇಕಿಲ್ಲ. ಒಂದು ಅಳತೆಪಟ್ಟಿ, ಒಂದು ಭೂತಗನ್ನಡಿ, ಒಂದು ಒದ್ದೆಯಾದ ಬಿಳಿಯ ಕರವಸ್ತ್ರ, ಒಂದು ಬೆಂಕಿಕಡ್ಡಿ, ಇವುಗಳ ಜೊತೆಗೆ ಪ್ರೌಢಶಾಲೆಯಲ್ಲಿ ಕಲಿತ ಗುಣಾಕಾರ ಭಾಗಾಕಾರ, ಇಷ್ಟಿದ್ದರೆ ಸಾಕು. ನಮ್ಮ ವಾಚಕರಲ್ಲಿ ಬಹುಮಂದಿ ವಿದ್ಯಾರ್ಥಿಗಳು. ರತ್ನಗಂಬಳಿಯನ್ನು ಕೊಳ್ಳುವ ಸಂದರ್ಭ ಅವರಿಗೆ ಈಗಲೇ ಒದಗಲಾರದು. ಆದರೆ ಒಂದು ವಸ್ತುವನ್ನು ಅದರ ರಚನೆಯಿಂದ ಅರಿಯುವುದು ಹೇಗೆ, ಬೆಲೆಯ ಹಿಂದೆ ಅಡಗಿರುವ ದುಡಿಮೆಯನ್ನು ಲೆಕ್ಕಹಾಕುವುದು ಹೇಗೆ ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಹಿಮದಲ್ಲಿ ಉಳಿದ ಗಂಬಳಿ

ಗಂಟು ಹಾಕಿ ನೆಯ್ದ ಗಂಬಳಿಗಳಲ್ಲಿ ನಮಗೆ ಇಡಿಯಾಗಿ ದೊರೆತಿರುವ ಅತ್ಯಂತ ಹಳೆಯದು ಸೈಬೀರಿಯದ ಆಲ್ಟಾಯ್ ಪರ್ವತಗಳಲ್ಲಿ ಸಿಕ್ಕಿತು. 1949 ರಲ್ಲಿ ರಷ್ಯದ ಪುರಾತತ್ತ್ವಜ್ಞ ಸೆರ್ಗೈ ರುಡೆಂಕೊ ಪಾಜಿರಿಕ್ ಎಂಬಲ್ಲಿ ಒಂದು ಸಮಾಧಿದಿಬ್ಬವನ್ನು ಅಗೆಸಿದನು. ಹಿಂದೆಂದೋ ಕಳ್ಳರು ಆ ಸಮಾಧಿಗೆ ಕನ್ನ ಕೊರೆದಿದ್ದರು. ಆ ಕನ್ನದ ಮೂಲಕ ಒಳಗೆ ಇಳಿದ ನೀರು ಹೆಪ್ಪುಗಟ್ಟಿ ಮತ್ತೆ ಕರಗಲೇ ಇಲ್ಲ. ಹಿಮಗಡ್ಡೆಯ ನಡುವೆ ಉಣ್ಣೆಯನ್ನು ಕೊಳೆಸುವ ಸೂಕ್ಷ್ಮಜೀವಿಗಳು ಬೆಳೆಯಲಾರವು. ಹೀಗೆ ಕಳ್ಳರ ದುಷ್ಕೃತ್ಯವೇ ಗಂಬಳಿಯ ಪಾಲಿಗೆ ರಕ್ಷೆಯಾಯಿತು. ಸುಮಾರು 183 ಸೆಂಟಿಮೀಟರ್‌ಗೆ 200 ಸೆಂಟಿಮೀಟರ್ ಅಳತೆಯ ಆ ಗಂಬಳಿ ಕ್ರಿಸ್ತಪೂರ್ವ 5 ಅಥವಾ 4ನೆಯ ಶತಮಾನದ್ದೆಂದು ವಿದ್ವಾಂಸರ ಅಭಿಪ್ರಾಯ. ಅದು ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ವಸ್ತುಸಂಗ್ರಹಾಲಯದಲ್ಲಿದೆ. 10 ಸೆಂಟಿಮೀಟರ್ ಚೌಕದಲ್ಲಿ ಸುಮಾರು 3,600 ರಂತೆ, ಅದರಲ್ಲಿ ಒಟ್ಟು ಹನ್ನೆರಡೂವರೆ ಲಕ್ಷಕ್ಕೂ ಹೆಚ್ಚು ಗಂಟುಗಳಿವೆ. ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆಯೇ ಈ ಕಲೆ ಪಕ್ವಸ್ಥಿತಿಗೆ ಬಂದಿದ್ದಿತೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಪರ್ಷಿಯದ ಅರ್ದಬಿಲ್ ಗಂಬಳಿ ಇನ್ನೊಂದು ಶಿಖರ. ಅದರಲ್ಲಿಯೇ ನೆಯ್ದಿರುವ ಹಿಜರಿ 946 ಎಂಬ ವರ್ಷ ನಮ್ಮ ಲೆಕ್ಕಕ್ಕೆ 1539-40 ಆಗುತ್ತದೆ. ಸುಮಾರು ಹತ್ತೂವರೆ ಮೀಟರ್ ಉದ್ದ, ಐದು ಮೀಟರ್‌ಗೂ ಹೆಚ್ಚು ಅಗಲದ ಈ ಬೃಹತ್ ಗಂಬಳಿಯನ್ನು ಲಂಡನ್ನಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯ 1893 ರಲ್ಲಿ 2,000 ಪೌಂಡುಗಳಿಗೆ ಕೊಂಡಿತು. ಅದರ ಗಂಟುಗಳು ಎರಡೂವರೆ ಕೋಟಿಗೂ ಹೆಚ್ಚು.

ಭಾರತದಲ್ಲಿ ಅಕ್ಬರನು ಆಗ್ರಾ, ಫತೇಪುರ ಮತ್ತು ಲಾಹೋರುಗಳಲ್ಲಿ ನುರಿತ ಗಂಬಳಿ ನೇಕಾರರನ್ನು ನೆಲೆಗೊಳಿಸಿದನೆಂದು ಅಬುಲ್ ಫಜಲನ ‘ಐನ್-ಇ-ಅಕ್ಬರಿ’ ತಿಳಿಸುತ್ತದೆ. ಕಾಶ್ಮೀರಕ್ಕೆ ಈ ಕಲೆಯನ್ನು ತಂದವನು 15ನೆಯ ಶತಮಾನದ ಸುಲ್ತಾನ ಜೈನ್-ಉಲ್-ಅಬಿದೀನ್ ಎಂಬುದು ಅಲ್ಲಿಯ ಪರಂಪರೆಯ ನಂಬಿಕೆ. ಇಂದು ನಮ್ಮ ದೇಶದಲ್ಲಿ ಕಾಶ್ಮೀರ ಕಣಿವೆಯೂ ಉತ್ತರಪ್ರದೇಶದ ಭದೋಹಿ-ಮಿರ್ಜಾಪುರ ಪ್ರಾಂತವೂ ಈ ಉದ್ಯಮದ ದೊಡ್ಡ ನೆಲೆಗಳು.

ಗಂಟು ಎಂದರೇನು?

ಬಟ್ಟೆಯಲ್ಲಿ ಉದ್ದಕ್ಕೆ ಬಿಗಿದ ನೂಲು ಹಾಸು, ಅಡ್ಡಲಾಗಿ ಓಡುವ ನೂಲು ಹೊಕ್ಕು. ಇವೆರಡೇ ಸೇರಿ ಆಗುವ ಚಪ್ಪಟೆಯ ಹಾಸಿಗೆಯನ್ನು ನಾವು ಜಮಖಾನ ಎನ್ನುತ್ತೇವೆ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ನೆಟ್ಟನೆಯ ಮಗ್ಗದಲ್ಲಿ ಹತ್ತಿಯ ನೂಲಿನಿಂದ ನೆಯ್ಯುವ, ನವಿಲು ಮತ್ತು ಪಗಡೆಹಾಸಿನ ಚಿತ್ತಾರಗಳುಳ್ಳ ಜಮಖಾನಗಳು ಈ ಜಾತಿಗೆ ಸೇರಿದವು. ಅವು ಸುಂದರವಾದವು, ಬಾಳಿಕೆ ಬರುವಂಥವು, ಆದರೆ ರತ್ನಗಂಬಳಿಗಳಲ್ಲ.

ರತ್ನಗಂಬಳಿಯಲ್ಲಿ ಹಾಸುಹೊಕ್ಕುಗಳ ಜೊತೆಗೆ ಮೂರನೆಯದೊಂದು ನೂಲು ಉಂಟು. ನೇಕಾರನು ಬಣ್ಣದ ಉಣ್ಣೆಯ ತುಂಡನ್ನು ಅಕ್ಕಪಕ್ಕದ ಎರಡು ಹಾಸಿನ ಎಳೆಗಳಿಗೆ ಸುತ್ತಿ, ತುದಿಗಳನ್ನು ಮುಂದಕ್ಕೆ ಎಳೆದು ಕತ್ತರಿಸುತ್ತಾನೆ. ಇದು ಒಂದು ಗಂಟು. ಅಗಲದುದ್ದಕ್ಕೂ ಒಂದು ಸಾಲು ಗಂಟುಗಳನ್ನು ಹಾಕಿದ ಮೇಲೆ ಹೊಕ್ಕಿನ ನೂಲನ್ನು ಹಾಯಿಸಿ, ಭಾರವಾದ ಬಾಚಣಿಗೆಯಿಂದ ಕೆಳಕ್ಕೆ ಬಡಿದು ಬಿಗಿಗೊಳಿಸುತ್ತಾನೆ. ಮುಂದಕ್ಕೆ ಚಾಚಿದ ತುದಿಗಳೆಲ್ಲ ಒತ್ತಾಗಿ ನಿಂತು ಮೆತ್ತನೆಯ ಜೂಲಾಗುತ್ತವೆ. ನಾವು ತುಳಿಯುವುದು ಈ ಜೂಲನ್ನು.

ಗಂಟಿನಲ್ಲಿ ಎರಡು ಮುಖ್ಯ ಬಗೆಗಳಿವೆ. ನೂಲು ಎರಡು ಹಾಸೆಳೆಗಳನ್ನೂ ಸುತ್ತಿ, ತುದಿಗಳೆರಡೂ ಅವುಗಳ ನಡುವಿನಿಂದ ಹೊರಬಂದರೆ ಅದು ತುರ್ಕಿ ಗಂಟು ಅಥವಾ ಸಮಗಂಟು. ಒಂದು ಎಳೆಯನ್ನು ಪೂರ್ತಿಯಾಗಿ ಸುತ್ತಿ, ಇನ್ನೊಂದರ ಹಿಂದೆ ಹಾಯ್ದು ಹೊರಬಂದರೆ ಅದು ಪರ್ಷಿಯದ ಗಂಟು ಅಥವಾ ವಿಷಮಗಂಟು. ಪಾಜಿರಿಕ್ ಗಂಬಳಿಯದು ಮೊದಲನೆಯ ಬಗೆ. ಕಾಶ್ಮೀರದಲ್ಲಿ ರೂಢಿಯಲ್ಲಿರುವುದು ಎರಡನೆಯದು. ಇವುಗಳಲ್ಲಿ ಒಂದು ಮೇಲು, ಇನ್ನೊಂದು ಕೀಳು ಎಂದಿಲ್ಲ.

ಕಾಶ್ಮೀರದ ಮಗ್ಗದ ಮುಂದೆ ಚಿತ್ರಪಟಕ್ಕೆ ಬದಲಾಗಿ ಸಂಕೇತಗಳು ತುಂಬಿದ ಕಾಗದವೊಂದನ್ನು ಕಾಣಬಹುದು. ಅದಕ್ಕೆ ತಾಲೀಮ್ ಎಂದು ಹೆಸರು. ಇಂಥ ಬಣ್ಣದ ಇಷ್ಟು ಗಂಟುಗಳು, ಅನಂತರ ಇಂಥ ಬಣ್ಣದ ಇಷ್ಟು, ಎಂದು ಸಾಲುಸಾಲಾಗಿ ಅದರಲ್ಲಿ ಬರೆದಿರುತ್ತದೆ. ಒಬ್ಬನು ಅದನ್ನು ರಾಗವಾಗಿ ಓದುತ್ತಿದ್ದಂತೆ ಉಳಿದವರು ಗಂಟು ಹಾಕುವುದುಂಟು. ಚಿತ್ರವನ್ನು ಅಂಕಿಗಳಾಗಿ ಬಿಡಿಸಿ ಮತ್ತೆ ಚಿತ್ರವಾಗಿ ಕಟ್ಟುವ ಈ ಉಪಾಯವನ್ನು ಇಂದಿನ ಗಣಕಯಂತ್ರಗಳ ವಿದ್ಯಾರ್ಥಿಗಳು ಮೆಚ್ಚದೆ ಇರಲಾರರು.

ವೇಷಧಾರಿಗಳು

ಈಗ ಅಂಗಡಿಗೆ ಹಿಂದಿರುಗೋಣ. ಗಂಟುಗಂಬಳಿಯ ವೇಷ ಧರಿಸಿ ಬರುವ ಎರಡು ಜಾತಿಗಳನ್ನು ನಾವು ಗುರುತಿಸಬೇಕು.

ಮೊದಲನೆಯದು ಯಂತ್ರದ ಗಂಬಳಿ. ವಿದ್ಯುನ್ಮಗ್ಗವು ಜೂಲಿನ ನೂಲನ್ನು ಹಾಸಿನ ನಡುವೆ ಸಿಕ್ಕಿಸುತ್ತದೆಯೇ ಹೊರತು ಸಾಮಾನ್ಯವಾಗಿ ಗಂಟು ಹಾಕುವುದಿಲ್ಲ. ಅಂಚಿನ ಕುಚ್ಚನ್ನು ನೋಡಿರಿ. ಕೈಮಗ್ಗದ ಗಂಬಳಿಯಲ್ಲಿ ಕುಚ್ಚು ಬೇರೆಯ ಅಲಂಕಾರವಲ್ಲ. ಅದು ಹಾಸಿನ ಎಳೆಗಳ ತುದಿಯೇ. ಅದು ಗಂಬಳಿಯ ಒಡಲಿನೊಳಗಿನಿಂದಲೇ ಹೊರಟುಬರಬೇಕು. ಕುಚ್ಚನ್ನು ಬೇರೆಯಾಗಿ ತಂದು ಹೊಲಿದಿದ್ದರೆ ಸಂದೇಹಪಡಿರಿ. ಹಳೆಯ ಗಂಬಳಿಯನ್ನು ದುರಸ್ತಿ ಮಾಡಿದಾಗಲೂ ಹೀಗಾಗುವುದುಂಟಾದ್ದರಿಂದ ಇದೊಂದರಿಂದಲೇ ತೀರ್ಮಾನಿಸಬಾರದು. ಅನಂತರ ಗಂಬಳಿಯನ್ನು ಜೂಲು ಹೊರಗೆ ಬರುವಂತೆ ಮಡಿಸಿ, ಮಡಿಕೆಯ ನೆತ್ತಿಯಲ್ಲಿ ಜೂಲನ್ನು ಬೆರಳಿನಿಂದ ಸೀಳಿ ಬುಡವನ್ನು ಭೂತಗನ್ನಡಿಯಿಂದ ಪರೀಕ್ಷಿಸಿರಿ. ಹಾಸಿನ ಎಳೆಯನ್ನು ಅಪ್ಪಿಕೊಂಡ ಪುಟ್ಟ ಕೊರಳಪಟ್ಟಿಯಂಥ ಸುತ್ತು ಕಂಡರೆ ಅದು ಗಂಟು. ಬರಿಯ ತಿರುವು ಕಂಡರೆ ಯಂತ್ರದ ಕೆಲಸ. ಬೆನ್ನಿನ ಸಾಲುಗಳನ್ನೂ ಗಮನಿಸಿರಿ. ಮನುಷ್ಯನ ಕೈ ಎಷ್ಟೇ ನುರಿತಿದ್ದರೂ ಸಾಲುಗಳು ಅಲ್ಪಸ್ವಲ್ಪ ಓರೆಕೋರೆಯಾಗುತ್ತವೆ. ಇಲ್ಲಿ ದೋಷವೇ ಪ್ರಮಾಣಪತ್ರ.

ಎರಡನೆಯ ವೇಷಧಾರಿ ಹೆಚ್ಚು ಜಾಣ. ಚೌಕಟ್ಟಿಗೆ ಬಿಗಿದ ದಪ್ಪ ಬಟ್ಟೆಗೆ ಕೈಯಲ್ಲಿ ಹಿಡಿದ ಸಾಧನವೊಂದರಿಂದ ನೂಲನ್ನು ಚುಚ್ಚಿ ಚುಚ್ಚಿ ತೂರಿಸುತ್ತಾರೆ. ಅಲ್ಲಿ ಗಂಟಿಲ್ಲದ ಕಾರಣ ನೂಲನ್ನು ಹಿಡಿದಿಡಲು ಬೆನ್ನಿಗೆ ರಬ್ಬರಿನ ಅಂಟು ಬಳಿದು, ಅದನ್ನು ಮರೆಮಾಡಲು ಮತ್ತೊಂದು ಬಟ್ಟೆಯನ್ನು ಹಚ್ಚುತ್ತಾರೆ. ತಿಂಗಳುಗಟ್ಟಲೆಯ ಕೆಲಸ ದಿನಗಳಲ್ಲಿ ಮುಗಿಯುತ್ತದೆ. ಇದನ್ನು ಹಿಡಿದದ್ದು ಮನುಷ್ಯನ ಕೈಯೇ ಆದ್ದರಿಂದ “ಕೈಕೆಲಸ” ಎಂಬ ಮಾತು ಸುಳ್ಳಾಗುವುದಿಲ್ಲ. ಹಿಂದೆ ಹೇಳಿದ ಅರೆಸತ್ಯ ಇದೇ. ಅಗ್ಗವಾದ ಹಾಸು ಬೇಕೆಂದು ತಿಳಿದೇ ಕೊಂಡರೆ ತಪ್ಪೇನಿಲ್ಲ. ಆದರೆ ಕಾಲಕ್ರಮದಲ್ಲಿ ಅಂಟು ಒಣಗಿ ಪುಡಿಯಾಗುತ್ತದೆ, ಜೂಲು ಕಿತ್ತುಬರುತ್ತದೆ. ಆದ್ದರಿಂದ “ಕೈಯಿಂದ ಮಾಡಿದ್ದೆ?” ಎಂದು ಕೇಳಬೇಡಿ; “ಕೈಯಿಂದ ಗಂಟು ಹಾಕಿದ್ದೆ?” ಎಂದು ಕೇಳಿರಿ. ಬೆನ್ನಿಗೆ ಬಟ್ಟೆ ಹಚ್ಚಿದ್ದರೆ ಅದರ ಕೆಳಗೆ ಏನಿದೆ ಎಂಬುದನ್ನು ಕಾಣದೆ ಮುಂದುವರಿಯಬೇಡಿ. ನಿಜವಾದ ಗಂಟುಗಂಬಳಿಯ ಬೆನ್ನಿನಲ್ಲಿ ಮುಂಭಾಗದ ಚಿತ್ತಾರವೇ ಗಂಟುಗಂಟಾಗಿ, ಸ್ಪಷ್ಟವಾಗಿ ಮೂಡಿರುತ್ತದೆ.

ಎಣಿಕೆಯ ಬಗೆ

ಗಂಟುಗಳ ದಟ್ಟಣೆಯನ್ನು ಸಾಮಾನ್ಯವಾಗಿ ಒಂದು ಚದರ ಅಂಗುಲಕ್ಕೆ ಇಷ್ಟೆಂದು ಹೇಳುತ್ತಾರೆ. ಕಾಶ್ಮೀರದ ವ್ಯಾಪಾರದಲ್ಲಿ “18ಕ್ಕೆ 18” ಎಂದರೆ ಅಂಗುಲದ ಅಗಲದಲ್ಲಿ 18, ಉದ್ದದಲ್ಲಿ 18, ಗುಣಿಸಿದರೆ 324. ಇರಾನಿನ ತಬ್ರೀಜಿನಲ್ಲಿ ಸುಮಾರು 7 ಸೆಂಟಿಮೀಟರ್ ಅಗಲದಲ್ಲಿರುವ ಗಂಟುಗಳನ್ನು ಎಣಿಸಿ ಅದನ್ನು ‘ರಜ್’ ಎನ್ನುತ್ತಾರೆ. 50 ರಜ್‌ನ ಗಂಬಳಿ ಸರಿಸುಮಾರು ನಮ್ಮ 18ಕ್ಕೆ 18ಕ್ಕೆ ಸಮ. ಅರ್ದಬಿಲ್ ಗಂಬಳಿಯಲ್ಲಿ 10 ಸೆಂಟಿಮೀಟರ್ ಚೌಕಕ್ಕೆ ಸುಮಾರು 5,300 ಗಂಟುಗಳಿವೆ. ಅದನ್ನು ಚದರ ಅಂಗುಲಕ್ಕೆ ಪರಿವರ್ತಿಸಿದರೆ ಎಷ್ಟು ಬರುತ್ತದೆಂಬುದನ್ನು ವಾಚಕರೇ ಲೆಕ್ಕಮಾಡಿ ನೋಡಬಹುದು. ಉತ್ತರ 340ರ ಆಸುಪಾಸಿನಲ್ಲಿರಬೇಕು.

ಎಣಿಸುವಾಗ ಪ್ರಯೋಗಶಾಲೆಯ ಒಂದು ಹಳೆಯ ಪಾಠವನ್ನು ಮರೆಯಬಾರದು. ಒಂದೇ ಅಂಗುಲದಲ್ಲಿ ಎಣಿಸಿ ಒಂದು ಗಂಟಿನಷ್ಟು ತಪ್ಪಿದರೆ 18 ಎಂಬುದು 17 ಅಥವಾ 19 ಆಗುತ್ತದೆ. ಎರಡೂ ದಿಕ್ಕಿನಲ್ಲಿ ಹಾಗೆ ತಪ್ಪಿದರೆ 324 ಎಂಬುದು 289 ಆಗಬಹುದು, 361 ಆಗಬಹುದು. ಒಂದು ಗಂಟಿನ ಪ್ರಮಾದ ಶೇಕಡ 11ರಷ್ಟು ಹಿಗ್ಗಿತು. ಅದಕ್ಕೆ ಬದಲಾಗಿ 5 ಅಂಗುಲ ಉದ್ದಕ್ಕೆ ಎಣಿಸಿ 5ರಿಂದ ಭಾಗಿಸಿದರೆ ಅದೇ ಪ್ರಮಾದ ಸುಮಾರು ಶೇಕಡ 2ಕ್ಕೆ ಇಳಿಯುತ್ತದೆ. ಲೋಲಕದ ಒಂದೇ ತೂಗಾಟವನ್ನು ಅಳೆಯದೆ ಇಪ್ಪತ್ತು ತೂಗಾಟಗಳ ಕಾಲವನ್ನು ಅಳೆದು ಭಾಗಿಸುವುದೂ ಇದೇ ಕಾರಣಕ್ಕೆ. ಗಂಬಳಿಯ ಮೂರು ನಾಲ್ಕು ಕಡೆಗಳಲ್ಲಿ ಎಣಿಸಿ ಸರಾಸರಿಯನ್ನು ತೆಗೆಯುವುದು ಇನ್ನೂ ಒಳ್ಳೆಯದು.

ಇನ್ನೊಂದು ಎಚ್ಚರಿಕೆ ಅಗತ್ಯ. ಹಾಸಿನ ಎಳೆಗಳು ಒಂದೇ ಮಟ್ಟದಲ್ಲಿದ್ದರೆ ಪ್ರತಿ ಗಂಟೂ ಬೆನ್ನಿನಲ್ಲಿ ಅಕ್ಕಪಕ್ಕದ ಎರಡು ಉಬ್ಬುಗಳಾಗಿ ಕಾಣುತ್ತದೆ. ಎಳೆಗಳು ಒಂದರ ಹಿಂದೊಂದು ಸರಿದು ಕುಳಿತಿದ್ದರೆ ಒಂದೇ ಉಬ್ಬು ಕಾಣುತ್ತದೆ. ಮೊದಲನೆಯ ಬಗೆಯಲ್ಲಿ ಉಬ್ಬುಗಳನ್ನೆಲ್ಲ ಗಂಟುಗಳೆಂದು ಎಣಿಸಿದರೆ ಲೆಕ್ಕ ಇಮ್ಮಡಿಯಾಗುತ್ತದೆ. ಮಾರುವವನಿಗೆ ಅದು ಲಾಭಕರವಾದ ತಪ್ಪು! ಚಿತ್ತಾರದಲ್ಲಿ ತೀರ ಸಪೂರವಾದ ಲಂಬರೇಖೆಯೊಂದನ್ನು ಹುಡುಕಿ ನೋಡಿರಿ. ಎಲ್ಲಿ ನೋಡಿದರೂ ಬಣ್ಣಗಳು ಜೋಡಿಜೋಡಿಯಾಗಿಯೇ ಬರುತ್ತಿದ್ದರೆ ಅಗಲದ ಎಣಿಕೆಯನ್ನು ಎರಡರಿಂದ ಭಾಗಿಸಬೇಕು.

ಮೋಸದ ಗಂಟೂ ಒಂದುಂಟು. ಅದಕ್ಕೆ ‘ಜುಫ್ತಿ’ ಎಂದು ಹೆಸರು. ಎರಡು ಹಾಸೆಳೆಗಳಿಗೆ ಬದಲಾಗಿ ನಾಲ್ಕನ್ನು ಒಟ್ಟಿಗೆ ಸುತ್ತಿದರೆ ಸಾಲಿನ ಗಂಟುಗಳು ಅರ್ಧಕ್ಕೆ ಇಳಿಯುತ್ತವೆ, ಕೆಲಸ ಬೇಗ ಮುಗಿಯುತ್ತದೆ, ಜೂಲು ತೆಳುವಾಗುತ್ತದೆ. ಹೊಸತರಲ್ಲಿ ಇದು ಕಣ್ಣಿಗೆ ಬೀಳದು. ಕೆಲವು ವರ್ಷ ತುಳಿದ ಮೇಲೆ ಬುಡ ಬಯಲಾಗುತ್ತದೆ.

ಗಂಟು ಹೆಚ್ಚಿದಷ್ಟೂ ಗಂಬಳಿ ಶ್ರೇಷ್ಠವೆಂಬುದೂ ಪೂರ್ಣಸತ್ಯವಲ್ಲ. ನಯವಾದ ಬಳ್ಳಿಯ ಬಾಗನ್ನು ಬಿಡಿಸಲು ದಟ್ಟವಾದ ಗಂಟುಗಳು ಬೇಕು. ಮಂದೆ ಕಾಯುವ ಅಲೆಮಾರಿ ಜನ ನೆಯ್ಯುವ ನೇರಗೆರೆಗಳ ದಿಟ್ಟ ಚಿತ್ತಾರಕ್ಕೆ ಬೇಡ. ಅಂಥ ಗಂಬಳಿಯ ಸತ್ತ್ವ ಅದರ ಉಣ್ಣೆಯಲ್ಲಿ, ಬಣ್ಣದಲ್ಲಿ ಇರುತ್ತದೆ.

ಎಳೆಯ ಪರೀಕ್ಷೆ

ಉಣ್ಣೆಯ ಎಳೆ ಕೆರಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರ ಅಣುಗಳು ತಿರುಪಿನ ತಂತಿಯಂತೆ ಸುರುಳಿ ಸುತ್ತಿಕೊಂಡಿರುತ್ತವೆ. ಎಳೆದರೆ ಹಿಗ್ಗಿ, ಬಿಟ್ಟರೆ ಕುಗ್ಗುತ್ತವೆ. ನೂರು ಸಲ ತುಳಿದರೂ ಜೂಲು ಮತ್ತೆ ತಲೆಯೆತ್ತಿ ನಿಲ್ಲುವುದು ಈ ಸ್ಥಿತಿಸ್ಥಾಪಕತ್ವದಿಂದ. ಉಣ್ಣೆ ತನ್ನ ತೂಕದ ಸುಮಾರು ಮೂರರಲ್ಲೊಂದು ಭಾಗದಷ್ಟು ನೀರಾವಿಯನ್ನು ಹೀರಿಕೊಂಡೂ ಒದ್ದೆಯೆನಿಸುವುದಿಲ್ಲ. ಮೈಮೇಲಿನ ಜಿಡ್ಡು ಕೊಳೆ ಅಂಟದಂತೆ ಕಾಪಾಡುತ್ತದೆ. ನೆಲಹಾಸಿಗೆ ಇದಕ್ಕಿಂತ ತಕ್ಕ ಎಳೆಯನ್ನು ಪ್ರಕೃತಿ ಕೊಟ್ಟಿಲ್ಲ.

ರೇಷ್ಮೆಯೂ ಪ್ರೋಟೀನೇ. ಅದರ ಎಳೆಯ ಅಡ್ಡಕೊಯ್ತ ಮೂಲೆಗಳು ದುಂಡಾದ ತ್ರಿಕೋನದಂತಿದ್ದು, ಬೆಳಕನ್ನು ಅಶ್ರಗದ ಹಾಗೆ ಬಾಗಿಸಿ ಹಿಂದಕ್ಕೆ ಕಳುಹಿಸುತ್ತದೆ. ರೇಷ್ಮೆಯ ಕಾಂತಿಯ ಗುಟ್ಟು ಇದು. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಮರದ ತಿರುಳಿನ ಸೆಲ್ಯುಲೋಸಿನಿಂದ ತಯಾರಾಗುವ ವಿಸ್ಕೋಸ್ ನೂಲೂ, ಕ್ಷಾರದಲ್ಲಿ ಸಂಸ್ಕರಿಸಿದ ಹತ್ತಿಯೂ ಹೀಗೆಯೇ ಹೊಳೆಯುತ್ತವೆ. ಅಂಗಡಿಯಲ್ಲಿ ರೇಷ್ಮೆಯೆಂದೇ ಕರೆಸಿಕೊಳ್ಳುತ್ತವೆ. ವಿಸ್ಕೋಸ್ ನೀರಿನಲ್ಲಿ ನೆಂದಾಗ ತನ್ನ ಬಲದ ಸುಮಾರು ಅರ್ಧವನ್ನು ಕಳೆದುಕೊಳ್ಳುತ್ತದೆ. ಅಂಥ ಗಂಬಳಿ ಒಂದೆರಡು ಸಲ ತೊಳೆಯುವಷ್ಟರಲ್ಲಿ ಸೊರಗಿಹೋಗುತ್ತದೆ.

ಇವನ್ನು ಬೇರ್ಪಡಿಸಲು ಬೆಂಕಿಕಡ್ಡಿಯೇ ಸಾಕು. ಅಂಗಡಿಯವನ ಒಪ್ಪಿಗೆ ಪಡೆದು ಜೂಲಿನ ನಾಲ್ಕಾರು ಎಳೆಗಳನ್ನು ಕಿತ್ತುಕೊಂಡು, ಗಂಬಳಿಯಿಂದ ದೂರ ಬಂದು, ಚಿಮಟದಲ್ಲಿ ಹಿಡಿದು ಸುಡಿರಿ. ಉಣ್ಣೆ, ರೇಷ್ಮೆಗಳು ಕೂದಲು ಸುಟ್ಟ ನಾತ ಬೀರಿ, ಜ್ವಾಲೆಯಿಂದ ಹೊರತೆಗೆದೊಡನೆ ಆರಿಹೋಗುತ್ತವೆ. ಉಳಿದ ಕರಿಯ ಮಣಿಯನ್ನು ಬೆರಳಿನಲ್ಲಿ ಪುಡಿಮಾಡಬಹುದು. ವಿಸ್ಕೋಸ್, ಹತ್ತಿಗಳು ಕಾಗದದಂತೆ ಧಗ್ಗನೆ ಉರಿದು ಬೂದಿಯಾಗುತ್ತವೆ. ನೈಲಾನ್, ಪಾಲಿಯೆಸ್ಟರುಗಳು ಕರಗಿ, ಪುಡಿಯಾಗದ ಗಟ್ಟಿ ಗುಂಡಾಗುತ್ತವೆ. ಒಪ್ಪಿಗೆ ಕೊಡದ ಅಂಗಡಿಯವನು ರಸೀದಿಯಲ್ಲಿ “ಶುದ್ಧ ರೇಷ್ಮೆ” ಎಂದು ಬರೆದುಕೊಡಲು ಒಪ್ಪುವನೋ ಎಂದು ಕೇಳಿ ನೋಡಿರಿ. ಆ ಉತ್ತರವೂ ಒಂದು ಪರೀಕ್ಷೆಯೇ.

ಗಂಬಳಿಯನ್ನು ಒಂದು ತುದಿಯಿಂದ ನೋಡಿದರೆ ತಿಳಿಯಾಗಿಯೂ ಇನ್ನೊಂದು ತುದಿಯಿಂದ ನೋಡಿದರೆ ಗಾಢವಾಗಿಯೂ ಕಾಣುವುದನ್ನು ಮಾಂತ್ರಿಕ ಗುಣವೆಂಬಂತೆ ತೋರಿಸುವುದುಂಟು. ಇದರಲ್ಲಿ ಮಾಂತ್ರಿಕತೆಯೇನೂ ಇಲ್ಲ. ನೇಕಾರನು ಗಂಟಿನ ತುದಿಗಳನ್ನು ಕೆಳಕ್ಕೆಳೆದು ಕತ್ತರಿಸುವುದರಿಂದ ಜೂಲು ಒಂದೇ ಕಡೆಗೆ ವಾಲಿರುತ್ತದೆ. ವಾಲಿದ ದಿಕ್ಕಿನಲ್ಲಿ ನೋಡಿದಾಗ ಎಳೆಗಳ ನುಣುಪಾದ ಮಗ್ಗುಲು ಬೆಳಕನ್ನು ಪ್ರತಿಫಲಿಸುತ್ತದೆ. ಎದುರಿನಿಂದ ನೋಡಿದಾಗ ಕತ್ತರಿಸಿದ ತುದಿಗಳು ಕಾಣುತ್ತವೆ, ಬೆಳಕು ಅವುಗಳ ನಡುವೆ ಹೊಕ್ಕು ಹೀರಿಹೋಗುತ್ತದೆ. ಮಖಮಲ್ಲಿನಲ್ಲಿಯೂ ಇದೇ ನಡೆಯುತ್ತದೆ. ಆದ್ದರಿಂದ ಕೊಳ್ಳುವ ಮುನ್ನ ಗಂಬಳಿಯನ್ನು ಎರಡೂ ತುದಿಗಳಿಂದ, ಸಾಧ್ಯವಾದರೆ ಹಗಲು ಬೆಳಕಿನಲ್ಲಿ ನೋಡಬೇಕು.

ಬಣ್ಣ ಮತ್ತು ಬೆಳಕು

ಮಂಜಿಷ್ಠದ ಬೇರಿನಿಂದ ಕೆಂಪು, ನೀಲಿಗಿಡದಿಂದ ನೀಲಿ, ದಾಳಿಂಬೆಯ ಸಿಪ್ಪೆಯಿಂದ ಹಳದಿ, ಅಕ್ರೋಟಿನ ಸಿಪ್ಪೆಯಿಂದ ಕಂದು, ಇವು ಹಳೆಯ ಬಣ್ಣಗಾರನ ಸಂಪತ್ತು. ಕೆಂಪು ಹಳದಿಗಳು ಎಳೆಗೆ ಕಚ್ಚಿಕೊಳ್ಳಲು ಪಟಿಕದಂಥ ಲವಣ ಬೇಕಾಗುತ್ತದೆ. 1856 ರಲ್ಲಿ ಹದಿನೆಂಟು ವಯಸ್ಸಿನ ವಿಲಿಯಂ ಪರ್ಕಿನ್ ಕಲ್ಲಿದ್ದಲ ಡಾಂಬರಿನ ಮೂಲದಿಂದ ನೇರಿಳೆ ಬಣ್ಣವನ್ನು ತಯಾರಿಸಿದ ಮೇಲೆ ಕಾರ್ಖಾನೆಯ ಬಣ್ಣಗಳು ಪೂರ್ವದೇಶಗಳಿಗೆ ನುಗ್ಗಿದವು. ಮೊದಮೊದಲ ಬಣ್ಣಗಳು ಬಿಸಿಲಿಗೆ ಮಾಸಿ ನೀರಿಗೆ ಹರಿಯುತ್ತಿದ್ದವು. ಅವುಗಳಿಂದ ಗಂಬಳಿಗಳ ಹೆಸರು ಕೆಟ್ಟಿತೆಂದು ಪರ್ಷಿಯದ ಸರ್ಕಾರ 19ನೆಯ ಶತಮಾನದ ಕೊನೆಯ ವೇಳೆಗೆ ನಿಷೇಧಾಜ್ಞೆಗಳನ್ನು ಹೊರಡಿಸಬೇಕಾಯಿತು. ಆದರೆ ರಸಾಯನಶಾಸ್ತ್ರವೂ ಮುಂದುವರಿಯಿತು. 1868 ರಲ್ಲಿ ಗ್ರೇಬ ಮತ್ತು ಲೀಬರ್ಮನ್ ಮಂಜಿಷ್ಠದ ಕೆಂಪಿನ ಸಾರವಾದ ಅಲಿಜರಿನನ್ನೇ ಪ್ರಯೋಗಶಾಲೆಯಲ್ಲಿ ಕಟ್ಟಿದರು. 1897 ರಿಂದ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂದಿತು. ಅಣುವಿನ ರಚನೆಯಲ್ಲಿ ಇವು ಗಿಡದ ಬಣ್ಣಗಳಿಂದ ಭಿನ್ನವಲ್ಲ. ಇಂದಿನ ಉತ್ತಮ ಕೃತಕ ಬಣ್ಣಗಳು ಬಹಳ ಗಟ್ಟಿ. ಆದ್ದರಿಂದ “ಗಿಡದ ಬಣ್ಣ” ಎಂಬ ಮಾತಿಗಿಂತ “ಗಟ್ಟಿಯಾದ ಬಣ್ಣವೆ?” ಎಂಬ ಪ್ರಶ್ನೆ ಹೆಚ್ಚು ಉಪಯುಕ್ತ. ಒದ್ದೆಯಾದ ಬಿಳಿಯ ಕರವಸ್ತ್ರವನ್ನು ಮೆಲ್ಲಗೆ ಉಜ್ಜಿರಿ; ಬಣ್ಣ ಹತ್ತಿದರೆ ಆ ಗಂಬಳಿಯನ್ನು ಬಿಟ್ಟುಬಿಡಿ. ಜೂಲನ್ನು ಸೀಳಿ ಬುಡದ ಬಣ್ಣವನ್ನೂ ತುದಿಯ ಬಣ್ಣವನ್ನೂ ಹೋಲಿಸಿರಿ. ಹೊಸ ಗಂಬಳಿಯಲ್ಲಿಯೂ ತುದಿ ಬಿಳಿಚಿಕೊಂಡಿದ್ದರೆ ಬಿಸಿಲಿನಿಂದಲೋ ರಾಸಾಯನಿಕಗಳಿಂದಲೋ ಕೃತಕವಾಗಿ ಮುಪ್ಪು ಬರಿಸಿರಬಹುದು.

ಬಣ್ಣ ಮಾಸುವುದೇಕೆ? ಬೆಳಕು ಶಕ್ತಿಯ ಕಣಗಳಾಗಿ ಬರುತ್ತದೆ. ಕಂಪನಸಂಖ್ಯೆ ಹೆಚ್ಚಾದಷ್ಟೂ ಕಣದ ಶಕ್ತಿ ಹೆಚ್ಚು. ನೇರಳಾತೀತ ಕಿರಣಗಳ ಕಣಗಳಿಗೆ ಬಣ್ಣದ ಅಣುವಿನ ಬಂಧಗಳನ್ನು ಮುರಿಯುವ ಸಾಮರ್ಥ್ಯವಿದೆ. ಅರ್ದಬಿಲ್ ಗಂಬಳಿಯನ್ನು 2006 ರಲ್ಲಿ ದೊಡ್ಡ ಗಾಜಿನ ಮನೆಯಲ್ಲಿ ಮಲಗಿಸಿದಾಗ ಅರ್ಧ ಗಂಟೆಗೊಮ್ಮೆ ಹತ್ತೇ ನಿಮಿಷ ಬೆಳಕು ಹಾಯಿಸುವ ಏರ್ಪಾಡು ಮಾಡಿದ್ದು ಈ ಕಾರಣಕ್ಕಾಗಿಯೇ. ಕಿಟಕಿಯ ಬಿಸಿಲಿನಲ್ಲಿ ಗಂಬಳಿ ಹಾಸುವವರು ಇದನ್ನು ನೆನೆಯಬೇಕು.

ವಯಸ್ಸು ಮತ್ತು ಹೆಸರು

“ಇನ್ನೂರು ವರ್ಷದ ಹಳೆಯದು” ಎಂಬ ಮಾತನ್ನು ಕೇಳಿದೊಡನೆ ವಿಜ್ಞಾನದ ವಿದ್ಯಾರ್ಥಿಗೆ ವಿಕಿರಣಶೀಲ ಇಂಗಾಲದ ನೆನಪಾಗುತ್ತದೆ. ಪಾಜಿರಿಕ್‌ನಷ್ಟು ಹಳೆಯ ವಸ್ತುಗಳಿಗೆ ಅದು ಒಳ್ಳೆಯ ಗಡಿಯಾರ. ಆದರೆ 1650 ರಿಂದ 1950 ರವರೆಗಿನ ಅವಧಿಯಲ್ಲಿ ವಾಯುಮಂಡಲದ ಇಂಗಾಲ-14ರ ಪ್ರಮಾಣ ಸೂರ್ಯನ ಚಟುವಟಿಕೆಯಿಂದಲೂ ಕಲ್ಲಿದ್ದಲ ಹೊಗೆಯಿಂದಲೂ ಏರಿಳಿದಿರುವುದರಿಂದ, ಆ ಕಾಲದ ಉಣ್ಣೆಗೆ ಈ ಗಡಿಯಾರ ಒಂದೇ ಸ್ಪಷ್ಟ ಉತ್ತರವನ್ನು ಕೊಡಲಾರದು. ವಿಚಿತ್ರವೆಂದರೆ ಅಣುಬಾಂಬು ಇಲ್ಲಿ ಒಂದು ಸುಳಿವನ್ನು ಒದಗಿಸಿತು. 1955 ರಿಂದೀಚೆಗಿನ ಸ್ಫೋಟಗಳಿಂದ ಉತ್ತರಾರ್ಧಗೋಲದ ಗಾಳಿಯಲ್ಲಿ ಇಂಗಾಲ-14 ಹೆಚ್ಚುತ್ತ ಹೋಗಿ, 1963ರ ಸುಮಾರಿಗೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಅದು ಹುಲ್ಲಿಗೂ ಹುಲ್ಲಿನಿಂದ ಕುರಿಯ ಉಣ್ಣೆಗೂ ಸೇರಿತು. ಆ ದಶಕಗಳ ಉಣ್ಣೆಯನ್ನು ಪುರಾತನವೆಂದು ಮಾರಿದರೆ ಪ್ರಯೋಗಶಾಲೆ ಕಂಡುಹಿಡಿಯಬಲ್ಲದು. ಈಚಿನ ವರ್ಷಗಳಲ್ಲಿ ಆ ಹೆಚ್ಚಳ ಕರಗಿಹೋಗಿರುವುದರಿಂದ ಇಂದಿನ ಉಣ್ಣೆಗೆ ಈ ಉಪಾಯವೂ ಸಾಲದು. ಸಾಮಾನ್ಯ ಗ್ರಾಹಕನು ವಯಸ್ಸಿಗಾಗಿ ಹಣ ಕೊಡದೆ ಗುಣಕ್ಕಾಗಿ ಕೊಡುವುದು ಕ್ಷೇಮ.

ಹೆಸರುಗಳೂ ಅಷ್ಟೆ. ತುರ್ಕಮನ್ ಜನ ನೆಯ್ದ ಗಂಬಳಿಗಳು ಬುಖಾರದ ಪೇಟೆಯಲ್ಲಿ ಮಾರಾಟವಾಗುತ್ತಿದ್ದುದರಿಂದ ಅವಕ್ಕೆ ಬುಖಾರ ಎಂಬ ಹೆಸರಾಯಿತು. ಈಗ ಆ ಹೆಸರಿನ ಗಂಬಳಿಗಳು ಪಾಕಿಸ್ತಾನದ ಮಗ್ಗಗಳಿಂದ ಬರುತ್ತವೆ. “ಕಾಶಾನ್”, “ತಬ್ರೀಜ್” ಎಂಬ ಮಾತು ಎಷ್ಟೋ ವೇಳೆ ಚಿತ್ತಾರದ ಹೆಸರೇ ಹೊರತು ಊರಿನ ಹೆಸರಲ್ಲ. “ಎಲ್ಲಿ ನೆಯ್ದದ್ದು?” ಎಂದು ಬೇರೆಯಾಗಿಯೇ ಕೇಳಬೇಕು. ಭದೋಹಿಯ ಗಂಬಳಿಗಳಿಗೂ ಕಾಶ್ಮೀರದವಕ್ಕೂ ಭೌಗೋಳಿಕ ಗುರುತಿನ ಕಾನೂನಿನ ರಕ್ಷಣೆ ದೊರೆತಿದೆ. ಗುರುತಿನ ಚೀಟಿಯುಳ್ಳ ಕಾಶ್ಮೀರದ ಗಂಬಳಿಯ ವಿವರಗಳನ್ನು ದೂರವಾಣಿಯಿಂದಲೇ ಓದಿ ತಿಳಿಯುವ ಏರ್ಪಾಡು 2022 ರಲ್ಲಿ ಆರಂಭವಾಯಿತು.

ಬೆಲೆಯನ್ನು ಭಾಗಿಸಿ ನೋಡಿ

ಕಟ್ಟಕಡೆಗೆ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. 6 ಅಡಿಗೆ 4 ಅಡಿಯೆಂದರೆ 24 ಚದರ ಅಡಿ, ಅಂದರೆ 3,456 ಚದರ ಅಂಗುಲ. 18ಕ್ಕೆ 18ರ ಗಂಬಳಿಯಾದರೆ ಒಟ್ಟು ಗಂಟುಗಳು 11,19,744. ನುರಿತ ನೇಕಾರನೊಬ್ಬನು ದಿನಕ್ಕೆ ಆರರಿಂದ ಹತ್ತು ಸಾವಿರ ಗಂಟುಗಳನ್ನು ಹಾಕಬಲ್ಲ. ಎಂಟು ಸಾವಿರವೆಂದು ಇಟ್ಟುಕೊಳ್ಳೋಣ. ಎಂಟು ಗಂಟೆಯ ದಿನದಲ್ಲಿ ಅದು ಪ್ರತಿ ಮೂರೂವರೆ ಸೆಕೆಂಡಿಗೊಂದು ಗಂಟಾಯಿತು! ಆ ವೇಗದಲ್ಲಿಯೂ ಈ ಒಂದು ಗಂಬಳಿಗೆ 140 ದಿನಗಳ ದುಡಿಮೆ ಬೇಕು.

ಈಗ ಯಾರಾದರೂ ಇಂಥ ಗಂಬಳಿಯನ್ನು 14,000 ರೂಪಾಯಿಗೆ ಕೊಡುತ್ತೇನೆಂದರೆ, ಭಾಗಿಸಿ ನೋಡಿರಿ. ದಿನಕ್ಕೆ 100 ರೂಪಾಯಿ. ಇದರಲ್ಲಿಯೇ ನೂಲಿನ ಬೆಲೆ, ಬಣ್ಣದ ಖರ್ಚು, ಮಗ್ಗದ ಯಜಮಾನನ ಪಾಲು, ಸಾಗಣೆ, ಅಂಗಡಿಯ ಬಾಡಿಗೆ ಮತ್ತು ಲಾಭ ಎಲ್ಲವೂ ಸೇರಿವೆ. ನೇಕಾರನಿಗೆ ಉಳಿಯುವುದೇನು? ಇಂಥ ಬೆಲೆಗೆ ಎರಡೇ ಅರ್ಥಗಳಿವೆ. ಗಂಟಿನ ಲೆಕ್ಕ ಸುಳ್ಳು. ಇಲ್ಲವೆ, ಗಂಟು ಹಾಕಿದವರಿಗೆ ಕೂಲಿ ಸಂದಿಲ್ಲ. ಮೊದಲನೆಯದು ನಿಮಗೆ ಆದ ಮೋಸ. ಎರಡನೆಯದು ನಿಮ್ಮ ಮೂಲಕ ಇನ್ನೊಬ್ಬರಿಗೆ ಆದ ಮೋಸ.

ಈ ಎರಡನೆಯದು ಬರಿಯ ಊಹೆಯಲ್ಲ. ಗಂಬಳಿಯ ಮಗ್ಗಗಳ ಮುಂದೆ ದೀರ್ಘಕಾಲ ಮಕ್ಕಳನ್ನು ಕೂರಿಸಿದ್ದರು. 1986ರ ಬಾಲಕಾರ್ಮಿಕ ಕಾಯಿದೆ ಮಕ್ಕಳನ್ನು ದುಡಿಸಬಾರದ ಕೆಲಸಗಳ ಪಟ್ಟಿಯಲ್ಲಿ ಗಂಬಳಿ ನೇಯ್ಗೆಯನ್ನೂ ಸೇರಿಸಿತು. 1994 ರಲ್ಲಿ ಕೈಲಾಶ್ ಸತ್ಯಾರ್ಥಿಯವರ ಪ್ರಯತ್ನದಿಂದ, ಮಕ್ಕಳ ದುಡಿಮೆಯಿಲ್ಲದೆ ನೆಯ್ದದ್ದೆಂದು ತಪಾಸಣೆ ಮಾಡಿ ಗುರುತು ಹಾಕುವ ‘ರಗ್‌ಮಾರ್ಕ್’ ಆರಂಭವಾಯಿತು. ಅದೇ ಇಂದು ‘ಗುಡ್‌ವೀವ್’ ಎಂಬ ಹೆಸರಿನಿಂದ ನಡೆಯುತ್ತಿದೆ. ಅವರಿಗೆ 2014 ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಸಂದಿತು. ನಯವಾದ ಗಂಟಿಗೆ ಎಳೆಯ ಬೆರಳುಗಳೇ ಬೇಕೆಂದು ಹಿಂದೆ ವಾದಿಸುತ್ತಿದ್ದರು. ಅದು ನಿಜವಲ್ಲ, ಅತ್ಯಂತ ಸೂಕ್ಷ್ಮವಾದ ಗಂಬಳಿಗಳಿಗೆ ಬೇಕಾಗುವುದು ಹಲವು ವರ್ಷ ಪಳಗಿದ ವಯಸ್ಕರ ಕೈ. ಎಳೆಯ ಬೆರಳುಗಳು ಬೇಕಾಗಿದ್ದುದು ಅವು ಅಗ್ಗವಾಗಿದ್ದುದರಿಂದ.

ಆದ್ದರಿಂದ ಗಂಬಳಿಯ ಬೆನ್ನನ್ನು ತಿರುವಿ ನೋಡುವುದು ನಮ್ಮ ಹಣವನ್ನು ಉಳಿಸಿಕೊಳ್ಳುವುದಕ್ಕೆ ಮಾತ್ರವಲ್ಲ. ಅಲ್ಲಿ ಕಾಣುವ ಒಂದೊಂದು ಉಬ್ಬೂ ಯಾರೋ ಒಬ್ಬರು ಮೂರೂವರೆ ಸೆಕೆಂಡು ಬಾಗಿ ಕುಳಿತು ಮಾಡಿದ ಕೆಲಸ. ಅವನ್ನು ಸರಿಯಾಗಿ ಎಣಿಸಲು ಕಲಿತವನು ಸುಳ್ಳು ಗಂಬಳಿಗೆ ಹೆಚ್ಚು ಬೆಲೆಯನ್ನು ಕೊಡಲಾರ. ನಿಜವಾದ ಗಂಬಳಿಯನ್ನು ಕಡಿಮೆ ಬೆಲೆಗೆ ಕೇಳಲೂ ಆರ. ಮುಂದೆ ಯಾವಾಗಲಾದರೂ ಅಂಗಡಿಯ ಮುಂದೆ ಹಾದುಹೋಗುವಾಗ ಒಳಗೆ ಹೋಗಿ, ಕೊಳ್ಳದಿದ್ದರೂ ಚಿಂತೆಯಿಲ್ಲ, ಒಂದು ಗಂಬಳಿಯ ಮೂಲೆಯನ್ನು ಮಗುಚಿ 5 ಅಂಗುಲದಷ್ಟು ಗಂಟುಗಳನ್ನು ಎಣಿಸಿ ಬನ್ನಿ. ಉಳಿದ ಲೆಕ್ಕವನ್ನು ಮನೆಗೆ ಬಂದು ಮಾಡಬಹುದು.